ಅಪ್ಪನ ಹಾಜರಿ

ಅಪ್ಪ ಅಮ್ಮನನ್ನು ಮರೆತ ದಿನ ನಮ್ಮ ಮನೆಯಲ್ಲಿ ಪೆಟ್ಟು ನಿಂತಿತು. ಹೀಗೆ ಹೇಳಿದರೆ ಕೇಳಿದವರಿಗೆ ಕೆಟ್ಟದೆನಿಸುತ್ತದೆ. ಮುದುಕನಿಗೆ ಮರೆವು ಬಂದದ್ದು ಮಗಳಿಗೆ ಹಬ್ಬವಾಯಿತೇ ಎಂದು ನೆಂಟರೊಬ್ಬರು ನನ್ನ ಮುಖಕ್ಕೇ ಕೇಳಿದ್ದರು. ಹೌದು, ಹಬ್ಬವೇ ಆಯಿತು.

ಅಪ್ಪ ಹೊಸನಗರದಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದ. ಅವನು ಬದುಕಿರುವಷ್ಟು ದಿನ ‘ಅಪ್ಪಯ್ಯ ಬಂದ್ರು, ಅಪ್ಪಯ್ಯ ಕೂತ್ರು’ ಎಂದೇ ಮಾತಾಡಿದ್ದೇನೆ. ಈಗ ಬರೆಯುವಾಗ ಏಕವಚನ ಸಾಕು. ಅವನ ಶಾಲೆಯಲ್ಲಿ ದೊಡ್ಡ ಅಪರಾಧ ಕಳ್ಳತನವಲ್ಲ, ಸುಳ್ಳಲ್ಲ, ಮರೆವು. ಮಗ್ಗಿ ಮರೆತರೆ ಪೆಟ್ಟು, ಪದ್ಯದ ಸಾಲು ಮರೆತರೆ ಪೆಟ್ಟು, ಬಳಪ ಮರೆತು ಬಂದರೆ ಪೆಟ್ಟು. ಬೆಳಿಗ್ಗೆ ಹಾಜರಿ ಕರೆಯುವಾಗ ಹೆಸರು ಕಿವಿಗೆ ಬಿದ್ದ ಕೂಡಲೇ ಎದ್ದು ನಿಂತು ‘ಹಾಜರ್ ಸಾರ್’ ಎನ್ನಬೇಕು. ಕಿಟಕಿಯಾಚೆ ನೋಡುತ್ತ ತಡಮಾಡಿದವನು ಮುಂದೆ ಬಂದು ಅಂಗೈ ಚಾಚಬೇಕು. ಕೈ ಹಿಂದಕ್ಕೆಳೆದುಕೊಂಡರೆ ಇನ್ನೊಂದು. ನಾನೂ ಅದೇ ಶಾಲೆಯಲ್ಲಿ ಓದಿದವಳು. ಮಗಳೆಂದು ಬೆತ್ತವೇನೂ ಹಗುರಾಗಲಿಲ್ಲ.

ಅಪ್ಪ ತಾನೂ ತೀರ್ಥಹಳ್ಳಿಯಲ್ಲಿ ಹುಡುಗನಾಗಿದ್ದಾಗ ಹೀಗೇ ತಿಂದು ಬೆಳೆದವನು. ತನ್ನ ಮೇಷ್ಟ್ರು ಅಂಗೈಯಲ್ಲಿ ರಕ್ತ ಬರಿಸಿದ್ದರು, ಅದಕ್ಕೇ ತಾನು ಮನುಷ್ಯನಾದೆ ಎಂದು ಊಟಕ್ಕೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಹೇಳುವಾಗ ಬಲಗೈ ಬಿಚ್ಚಿ ತೋರಿಸುತ್ತಿದ್ದ. ಅಲ್ಲಿ ಹೆಬ್ಬೆರಳಿನ ಬುಡದಲ್ಲಿ ಬಿಳಿಯ ಗೀರು ಇತ್ತು. ದಂಡಂ ದಶಗುಣಂ ಎನ್ನುವುದು ಅವನ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಆ ಹತ್ತು ಗುಣಗಳಲ್ಲಿ ಒಂದನ್ನಾದರೂ ನಾನು ಕಂಡಿಲ್ಲ.

ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಉಳಿಯುತ್ತಿದ್ದ ವಿದ್ಯಾರ್ಥಿ ಅಮ್ಮ ಒಬ್ಬಳೇ. ಅವಳ ತಪ್ಪೂ ಮರೆವೇ. ಸಾರಿಗೆ ಉಪ್ಪು ಹಾಕಲು ಮರೆತಳು, ಹಂಡೆಗೆ ಬೆಂಕಿ ಮಾಡಲು ಮರೆತಳು, ಪಂಚೆಗೆ ನೀಲಿ ಹಾಕಲು ಮರೆತಳು. ‘ಮರ್ತ್ಯಾ?’ ಎಂದು ಅವನು ಮೆಲ್ಲಗೆ ಕೇಳುತ್ತಿದ್ದ. ಆ ಪ್ರಶ್ನೆ ಕೇಳಿದ ಕೂಡಲೇ ನಾನು ಒಲೆಯ ಹತ್ತಿರವಿರುತ್ತಿದ್ದ ಕಬ್ಬಿಣದ ಊದುಗೊಳವೆಯನ್ನು ಎತ್ತಿ ಸೌದೆಯ ಸಂದಿಗೆ ತಳ್ಳುತ್ತಿದ್ದೆ. ಒಮ್ಮೆ ತಳ್ಳುವುದರೊಳಗೆ ಅದು ಅವನ ಕೈಗೆ ಸಿಕ್ಕಿತು. ಅಮ್ಮನ ಎಡಗೈಯ ಕಿರುಬೆರಳು ಅವತ್ತು ಮುರಿದದ್ದು ಕೊನೆಯವರೆಗೂ ಸೊಟ್ಟಗೇ ಉಳಿಯಿತು. ಎಡಗಿವಿ ಅದಕ್ಕೂ ಮೊದಲೇ ಹೋಗಿತ್ತು. ಅಡ್ಡ ಹೋದ ನನಗೆ ಹುಬ್ಬಿನ ಮೇಲೆ ಸ್ಲೇಟಿನ ಕಟ್ಟು ಬಿತ್ತು. ಕನ್ನಡಿ ನೋಡಿದಾಗಲೆಲ್ಲ ಆ ಗೀರನ್ನು ನೋಡುತ್ತೇನೆ, ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಇಷ್ಟು ವರ್ಷವಾದ ಮೇಲೂ ಬರುತ್ತದೆ.

ಅಮ್ಮ ಗಾಜಿನ ಬಳೆ ತೊಡುತ್ತಿರಲಿಲ್ಲ. ಮುತ್ತೈದೆ ಗಾಜಿನ ಬಳೆ ತೊಡದಿದ್ದರೆ ಊರು ಆಡಿಕೊಳ್ಳುತ್ತದೆ, ಆಡಿಕೊಂಡಿತು ಕೂಡ. ಪೆಟ್ಟು ಬಿದ್ದಾಗ ಗಾಜು ಒಡೆದು ಮಣಿಕಟ್ಟಿಗೆ ಚುಚ್ಚುತ್ತದೆ ಎಂದು ಅಮ್ಮ ಯಾರಿಗೆ ಹೇಳಿಯಾಳು? ಎರಡು ಪ್ಲಾಸ್ಟಿಕ್ ಬಳೆ ಹಾಕಿಕೊಂಡು, ಕೈಗೆ ಉಬ್ಬಸವಾಗುತ್ತದೆ ಎಂದು ಏನೋ ಅರ್ಥವಿಲ್ಲದ ನೆಪ ಹೇಳುತ್ತಿದ್ದಳು.

ಅಪ್ಪ ಅವಳನ್ನು ‘ಏಯ್’ ಎನ್ನುತ್ತಿದ್ದ. ಅಷ್ಟೇ ಅವಳ ಹೆಸರು. ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳುವುದು ನಮ್ಮ ಕಡೆ ಆ ಕಾಲದಲ್ಲಿ ಇರಲಿಲ್ಲ. ಹೆಂಡತಿ ಬಾಯಿಬಿಟ್ಟು ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ ಬೇರೆ. ಜನಗಣತಿಯವರು ಬಂದು ಯಜಮಾನರ ಹೆಸರು ಕೇಳಿದರೆ ಅಮ್ಮ ನನ್ನ ಬೆನ್ನು ತಟ್ಟಿ ಮುಂದೆ ಬಿಡುತ್ತಿದ್ದಳು. ನಾನು ಹೇಳುತ್ತಿದ್ದೆ. ಒಂದು ದಿನ ಪೆಟ್ಟು ಬಿದ್ದ ನನ್ನ ಬೆನ್ನಿಗೆ ಅವಳು ಅರಿಶಿನ ಹಚ್ಚುವಾಗ, ನೀನೂ ಒಂದು ಸಲ ಹೇಳಿಬಿಡು, ಆಯುಸ್ಸು ಕಡಿಮೆಯಾದರೆ ಆಗಲಿ ಎಂದೆ. ಅಮ್ಮ ಅರಿಶಿನದ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಅಪ್ಪ ನಿವೃತ್ತನಾಗಿದ್ದ. ನಾನು ತೀರ್ಥಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ನನ್ನ ಅಣ್ಣ ಕರೆಂಟು ತಯಾರಾಗುವ ಕಾರ್ಗಲ್ಲಿನಲ್ಲಿ ವಿದ್ಯುತ್ತಿನ ಕೆಲಸದಲ್ಲಿದ್ದ. ಮರೆವು ಮೊದಲು ಸಣ್ಣದಾಗಿ ಬಂತು. ಅಪ್ಪ ಹದಿನೇಳರ ಮಗ್ಗಿಯ ನಡುವೆ ನಿಂತುಬಿಟ್ಟ. ಆಮೇಲೆ ಪೇಟೆಯಿಂದ ಮನೆಯ ದಾರಿ ತಪ್ಪಿತು. ಅವನ ಹಳೆಯ ವಿದ್ಯಾರ್ಥಿಯೊಬ್ಬ ಸೈಕಲ್ಲಿನಲ್ಲಿ ಕೂರಿಸಿಕೊಂಡು ತಂದು ಬಿಟ್ಟ. ಸೈಕಲ್ಲಿನಿಂದ ಇಳಿದ ಅಪ್ಪ ಬಾಗಿಲಲ್ಲಿ ನಿಂತ ಅಮ್ಮನನ್ನು ನೋಡಿ ಕೈಮುಗಿದು, ‘ಸ್ವಲ್ಪ ನೀರು ಕೊಡ್ತೀರಾ ಅಮ್ಮಾ, ದಾರಿ ತಪ್ಪಿ ಬಂದೆ’ ಎಂದನಂತೆ.

ಕೊಡ್ತೀರಾ! ಅಮ್ಮ ಇದನ್ನು ನನಗೆ ಎಷ್ಟು ಸಲ ಹೇಳಿದಳೋ. ಆ ಬಹುವಚನವನ್ನು ಬೆಲ್ಲದಂತೆ ಬಾಯಲ್ಲಿಟ್ಟುಕೊಂಡು ಹೇಳುತ್ತಿದ್ದಳು. ಅವತ್ತಿನಿಂದ ಅಪ್ಪನಿಗೆ ಅವಳು ಆ ಮನೆಯ ಯಾರೋ ಒಳ್ಳೆಯ ಹೆಂಗಸು. ಊಟ ಬಡಿಸಿದರೆ, ನಿಮ್ಮದಾಯಿತೇ ಎಂದು ಕೇಳುತ್ತಿದ್ದ. ಉಪ್ಪಿಲ್ಲದಿದ್ದರೆ ಉಪ್ಪಿಲ್ಲದೆಯೇ ಉಣ್ಣುತ್ತಿದ್ದ. ಮರೆತವನಿಗೆ ಮರೆವು ತಪ್ಪಾಗಿ ಕಾಣಲಿಲ್ಲ. ಮುಂದಿನ ಸಲ ನಾನು ಊರಿಗೆ ಹೋದಾಗ ಅಮ್ಮನ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಪಾತ್ರೆ ತೊಳೆದರೂ ಸದ್ದು, ಮಜ್ಜಿಗೆ ಕಡೆದರೂ ಸದ್ದು. ಅಷ್ಟು ಸದ್ದು ಮಾಡುವ ಹೆಂಗಸು ನನ್ನಮ್ಮ ಎಂದು ನನಗೆ ಗೊತ್ತೇ ಇರಲಿಲ್ಲ.

ಇದು ಅಣ್ಣನಿಗೆ ಸಹಿಸಲಾಗಲಿಲ್ಲ. ಅವನು ಕೆಟ್ಟವನಲ್ಲ, ಮುಂದೆಯೂ ಯಾರೂ ಹಾಗೆ ತಿಳಿಯಬಾರದು. ಹೈಸ್ಕೂಲಿಗೇ ಸಾಗರದ ಹಾಸ್ಟೆಲಿಗೆ ಹೋದವನು, ರಜೆಗೆ ಬಂದರೆ ಅಪ್ಪನ ಪಕ್ಕ ಕೂತು ಲೆಕ್ಕ ಮಾಡಿ ಹೋಗುತ್ತಿದ್ದ. ಅಪ್ಪನ ಬೆತ್ತದಿಂದಲೇ ತಾನು ಮುಂದೆ ಬಂದೆ ಎಂದು ಅವನ ನಂಬಿಕೆ. ಕೆಲಸದಲ್ಲಿ ಬಡ್ತಿ ಸಿಕ್ಕಾಗ ಸಿಹಿ ತೆಗೆದುಕೊಂಡು ಹೊಸನಗರಕ್ಕೆ ಬಂದಿದ್ದ; ಅಪ್ಪ ಸಿಹಿ ತಿಂದು, ನೀವು ಯಾರ ಕಡೆಯವರು ಎಂದು ಕೇಳಿದ. ಅಪ್ಪನ ಬಾಯಿಂದ ಒಂದು ‘ಭೇಷ್’ ಕೇಳಲು ಅಣ್ಣ ಹುಟ್ಟಿದಾಗಿನಿಂದ ಕಾದಿದ್ದ. ಅದು ಸಿಗುವ ಹೊತ್ತಿಗೆ ಅಂಗಡಿ ಬಾಗಿಲು ಹಾಕಿತ್ತು.

ಮುದುಕರ ತಲೆಗೆ ತೀರಾ ಸಣ್ಣ ಪ್ರಮಾಣದಲ್ಲಿ ಕರೆಂಟು ಹರಿಸಿದರೆ ನೆನಪು ಚುರುಕಾಗುತ್ತದೆ ಎಂದು ಅವನು ಎಲ್ಲಿಯೋ ಓದಿದ. ಹುಚ್ಚಿಗೆ ಕೊಡುವ ಶಾಕ್ ಅಲ್ಲ ಇದು, ಇರುವೆ ಹರಿದಷ್ಟೂ ಗೊತ್ತಾಗುವುದಿಲ್ಲ ಎಂದ. ಸಾಗರದ ಡಾಕ್ಟರೊಬ್ಬರನ್ನು ಕೇಳಿದ್ದಕ್ಕೆ ಅವರು ಬೇಡವೆಂದರು. ತಲೆ ಎಂದರೆ ಟ್ರಾನ್ಸ್‌ಫಾರ್ಮರ್ ಅಲ್ಲ ಮಾರಾಯರೆ ಎಂದು ಬೈದೂ ಬೈದರಂತೆ. ಕಾರ್ಗಲ್ಲಿನವರಿಗೆ ಕರೆಂಟಿನ ವಿಷಯದಲ್ಲಿ ಹೊರಗಿನವರು ಬುದ್ಧಿ ಹೇಳಿದರೆ ನಾಟುವುದಿಲ್ಲ. ಅಣ್ಣ ಅಪ್ಪ ಅಮ್ಮ ಇಬ್ಬರನ್ನೂ ತನ್ನ ಕ್ವಾರ್ಟರ್ಸಿಗೆ ಕರೆದುಕೊಂಡು ಹೋದ. ಅತ್ತಿಗೆ ಹೆರಿಗೆಗೆ ತವರಿಗೆ ಹೋಗಿದ್ದರಿಂದ ಬೇಡವೆನ್ನುವವರು ಅಲ್ಲಿ ಯಾರೂ ಇರಲಿಲ್ಲ.

ರಜೆ ಹಾಕಿ ನಾನು ಮೊದಲ ಸಲ ಹೋದಾಗ ಆ ಡಬ್ಬಿಯನ್ನು ನೋಡಿದೆ. ಬಿಸ್ಕತ್ತಿನ ತಗಡಿನ ಡಬ್ಬಿ, ಒಳಗೆ ಟಾರ್ಚಿನ ಸೆಲ್ಲುಗಳು, ಮುಚ್ಚಳದ ಮೇಲೆ ಮುಳ್ಳಾಡುವ ಒಂದು ಮೀಟರು. ಎರಡು ತಂತಿಗಳ ತುದಿಗೆ ಉಪ್ಪುನೀರಿನಲ್ಲಿ ಅದ್ದಿದ ಸ್ಪಂಜಿನ ತುಂಡು. ಅದನ್ನು ಹಣೆಗೆ ಬಿಗಿಯಲು ಸೈಕಲ್ ಟ್ಯೂಬಿನ ಪಟ್ಟಿ. ಅಪ್ಪ ಮದುಮಗನಂತೆ ಆ ಪಟ್ಟಿ ಕಟ್ಟಿಸಿಕೊಂಡು ಕೂರುತ್ತಿದ್ದ, ಉಪ್ಪುನೀರು ಕೆನ್ನೆಗಿಳಿದರೆ ನಾಲಿಗೆಯಲ್ಲಿ ನೆಕ್ಕುತ್ತಿದ್ದ. ಆಮೇಲೆ ಅಣ್ಣನ ಪರೀಕ್ಷೆ. ಮಗ್ಗಿ ಹೇಳಿಸುವುದು, ವಾರಗಳ ಹೆಸರು ಹೇಳಿಸುವುದು. ಕೊನೆಗೆ ಅಮ್ಮನನ್ನು ಎದುರಿಗೆ ನಿಲ್ಲಿಸಿ, ಇವರ ಹೆಸರೇನು ಎಂದು ಕೇಳುವುದು. ಅಪ್ಪ ಸುಮ್ಮನೆ ನೆಲ ನೋಡುತ್ತಿದ್ದ. ಅಣ್ಣ ನಿಟ್ಟುಸಿರು ಬಿಟ್ಟು, ಇನ್ನೂ ಬರಲಿಲ್ಲ ಎಂದು ನಾಳೆಗೆ ಇನ್ನಷ್ಟು ಹೊತ್ತು ಹರಿಸಲು ತೀರ್ಮಾನಿಸುತ್ತಿದ್ದ.

ನನಗೆ ನಗು ತಡೆಯಲಾಗಲಿಲ್ಲ. ಬುದ್ಧಿ ನೆಟ್ಟಗಿದ್ದಾಗಲೇ ಒಂದು ದಿನವೂ ಹೇಳದ ಹೆಸರನ್ನು ಬುದ್ಧಿ ಹೋದ ಮೇಲೆ ಹೇಳು ಎಂದರೆ ಎಲ್ಲಿಂದ ತರಬೇಕು ಆ ಮನುಷ್ಯ? ಲೋಕದ ಕರೆಂಟನ್ನೆಲ್ಲ ತಂದು ಹರಿಸಿದರೂ ಇಲ್ಲದ ಸಾಮಾನು ಬರುತ್ತದೆಯೇ? ಅಣ್ಣನಿಗೆ ಇದು ಹೊಳೆದಿರಲೇ ಇಲ್ಲ. ಹಾಗಾದರೆ ಅಮ್ಮನೇ ಅಪ್ಪನ ಹೆಸರು ಹಿಡಿದು ಕೂಗಲಿ, ಅದನ್ನು ಕೇಳಿಯಾದರೂ ತಲೆಯಲ್ಲಿ ಏನಾದರೂ ಹೊತ್ತಿಕೊಂಡೀತು ಎಂದ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಒಳಗೆ ನಾನು ಹಿಂದೆಯೇ ಹೋದೆ. ಅವಳು ಮೊರ ಎಳೆದುಕೊಂಡು ಅಕ್ಕಿ ಆರಿಸತೊಡಗಿದಳು. ‘ಅವ್ರಿಗೆ ನಾನು ನೆನಪಾಗೋದು ಬ್ಯಾಡ’ ಎಂದಳು. ‘ಮಗ್ಗಿ ಬೇಕಾದ್ರೆ ಬರ್ಲಿ, ಮಗ ಬೇಕಾದ್ರೆ ನೆನಪಾಗ್ಲಿ. ನನ್ನೊಬ್ಬಳನ್ನ ಬಿಟ್ಟು ತರ್ಸೋಕೆ ಆಗ್ತದಾ, ಕೇಳು ಅವನ್ನ.’

ಕೇಳಿದೆ. ಕೇಳಿದ್ದೇನು, ಜಗಳವನ್ನೇ ಆಡಿದೆ. ಊದುಗೊಳವೆ, ಬೆರಳು, ಕಿವಿ ಎಲ್ಲ ಹೇಳಿದೆ. ನಿನಗೆ ಮೊದಲಿಂದಲೂ ಅಪ್ಪನ ಮೇಲೆ ದ್ವೇಷ, ಒಂದನ್ನು ಹತ್ತು ಮಾಡುತ್ತೀ ಎಂದ. ಯಾವ ಮನೆಯಲ್ಲಿ ಒಂದು ಮಾತು ಬರುವುದಿಲ್ಲ, ಒಂದು ಕೈ ಹೋಗುವುದಿಲ್ಲ ಎಂದ. ನನ್ನ ಕೈಯಲ್ಲಿದ್ದ ಲೋಟವನ್ನು ಅವನತ್ತ ಬೀಸಿದೆ. ಗುರಿ ತಪ್ಪಿ ಗೋಡೆಗೆ ಬಡಿಯಿತು. ಅದು ತಪ್ಪಿದ್ದಕ್ಕೆ ನನಗೆ ಇವತ್ತಿಗೂ ಸ್ವಲ್ಪ ಬೇಸರವಿದೆ. ಅವತ್ತಿನ ಬಸ್ಸಿಗೇ ತೀರ್ಥಹಳ್ಳಿಗೆ ಹೊರಟುಬಂದೆ.

ಆಮೇಲೆ ಹೆಚ್ಚು ದಿನವಾಗಿರಲಿಲ್ಲ. ಬೆಳಗಿನ ಡ್ಯೂಟಿಯಲ್ಲಿ ಬೋರ್ಡಿನ ಮುಂದೆ ಕೂತಿದ್ದಾಗ ಕಾರ್ಗಲ್ಲಿನಿಂದ ಟ್ರಂಕ್ ಕಾಲ್ ಬಂತು, ಅಣ್ಣ. ಅವನ ದನಿ ಒಡೆದಿತ್ತು. ಅಮ್ಮನಿಗೇನೋ ಆಯಿತೆಂದುಕೊಂಡೆ.

‘ಅಪ್ಪಯ್ಯ ನಂಗೆ ಹೊಡೆದ್ರು ಕಣೇ’ ಎಂದ.

ಅಳುತ್ತಿದ್ದ, ಆದರೆ ಸಂತೋಷಕ್ಕೆ. ಹದಿನೇಳರ ಮಗ್ಗಿಯನ್ನು ಅಪ್ಪ ತಾನೇ ಶುರುಮಾಡಿ ಪೂರ್ತಿ ಹೇಳಿದನಂತೆ. ಅಣ್ಣ ಖುಷಿಯಿಂದ ಜೊತೆಗೆ ಹೇಳಹೋಗಿ ಒಂದು ಕಡೆ ತಪ್ಪಿದನಂತೆ. ಅಪ್ಪ ತಿರುಗಿ, ಇವನ ಹೆಸರು ಹಿಡಿದು ಬೈದು, ಕೆನ್ನೆಗೆ ಬಾರಿಸಿದನಂತೆ. ಕಿವಿ ಇನ್ನೂ ಗುಂಯ್ ಅನ್ನುತ್ತಿದೆ, ಗುರುತು ಹತ್ತಿತು ನೋಡು, ನಿನ್ನ ಮಾತು ಕೇಳಿದ್ದರೆ ಏನಾಗುತ್ತಿತ್ತು ಎಂದ. ಭೇಷ್‌ಗೆ ಕಾಯುತ್ತಿದ್ದವನಿಗೆ ಕೆನ್ನೆಗೆ ಬಿದ್ದದ್ದೇ ಭೇಷ್ ಆಗಿ ಕಂಡಿತು. ಅಮ್ಮ ಎಲ್ಲಿ ಎಂದೆ. ಅಡುಗೆಮನೆಯಲ್ಲಿದ್ದಾಳೆ, ಅವಳಿಗೂ ಕೇಳಿಸಿತು ಎಂದ.

ಕರೆಂಟು ನಿಜಕ್ಕೂ ಕೆಲಸ ಮಾಡಿತೋ, ದಿನವೂ ಎದುರಿಗೆ ಕೂರಿಸಿಕೊಂಡು ಮಗ್ಗಿ ಹೇಳಿಸಿದ್ದರಿಂದ ಏನಾದರೂ ಮರಳಿತೋ, ಅಥವಾ ಆ ಕಾಯಿಲೆಯೇ ಹಾಗೆ ಹೋಗಿ ಬಂದು ಮಾಡುತ್ತದೋ ನನಗೆ ತಿಳಿಯದು. ಆಗ ಅದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲೂ ನಾನಿರಲಿಲ್ಲ. ಮಾರನೆಯ ದಿನ ಮೊದಲ ಬಸ್ಸು ಹಿಡಿದೆ. ಹೊಸನಗರದಲ್ಲಿ ಬಸ್ಸು ಬದಲಿಸಿ, ಸಾಗರದಲ್ಲಿ ಮತ್ತೊಂದು ಹಿಡಿದು, ಕಾರ್ಗಲ್ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಬಾಗಿಲು ತೆಗೆದ ಅಮ್ಮನ ಕೈಗಳನ್ನು ಮೊದಲು ನೋಡಿದೆ. ಹಸಿರು ಬಳೆ ಒಂದೂ ಇರಲಿಲ್ಲ. ಅವೇ ಎರಡು ಹಳೆಯ ಪ್ಲಾಸ್ಟಿಕ್ ಬಳೆ. ಹಸಿರು ಬಳೆಗಳನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಕೈಚೀಲದ ತಳದಲ್ಲಿಟ್ಟಿದ್ದಳು. ಅಣ್ಣನ ಕೆನ್ನೆಗೆ ಬಿದ್ದ ಪೆಟ್ಟಿನ ಸದ್ದು ಕೇಳಿದ ಕೂಡಲೇ ತೆಗೆದಳಂತೆ.

ಅಣ್ಣನ ಡ್ಯೂಟಿ ಮುಗಿದಿತ್ತು. ಜಗುಲಿಯಲ್ಲಿ ಅಪ್ಪನನ್ನು ಕುರ್ಚಿಗೆ ಕೂರಿಸಿ ಪಟ್ಟಿ ಬಿಗಿದಿದ್ದ. ನನ್ನನ್ನು ಕಂಡು, ಒಳ್ಳೆಯ ಹೊತ್ತಿಗೆ ಬಂದೆ, ನೀನೇ ನೋಡು ಎಂದ. ಅಮ್ಮನನ್ನು ಕೂಗಿ ಕರೆದ. ಅವಳು ಒಲೆಯ ಮೇಲೆ ಹಾಲಿಟ್ಟಿದ್ದವಳು ಸೌಟು ಹಿಡಿದೇ ಬಂದು ನಿಂತಳು. ಅಣ್ಣ ಎಂದಿನಂತೆ ಇವರ ಹೆಸರೇನು ಅಪ್ಪಯ್ಯ ಎಂದ. ಅಪ್ಪ ಎಂದಿನಂತೆ ನೆಲ ನೋಡಿದ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು.

ಅಪ್ಪ ತಲೆ ಎತ್ತಿದ. ಮೂಗು ಅರಳಿತು. ಕಣ್ಣು ಅಮ್ಮನ ಮೇಲೆ ನಿಂತಿತು, ಮತ್ತು ನನ್ನ ಕಣ್ಣೆದುರೇ ಆ ಮೃದು ಮುಖ ಬಿಗಿಯುತ್ತ ಹೋಗಿ ನನ್ನ ಹಳೆಯ ಅಪ್ಪನ ಮುಖವಾಯಿತು.

‘ಏಯ್’ ಎಂದ. ಆಮೇಲೆ ಮೆಲ್ಲಗೆ, ‘ಮರ್ತ್ಯಾ?’

ಅಣ್ಣನ ಮುಖ ಅರಳಿತ್ತು. ನೆನಪಾಯಿತು ಎಂದು ಅವನು ಬಾಯಿ ತೆರೆಯುವುದರೊಳಗೆ ಅಪ್ಪ ಎದ್ದ ಎಳೆತಕ್ಕೆ ತಂತಿ ಕಿತ್ತು ಡಬ್ಬಿ ನೆಲಕ್ಕೆ ಬಿತ್ತು. ಒಂದು ಕೈಯಲ್ಲಿ ಅಮ್ಮನ ತುರುಬು ಹಿಡಿದು ಗೋಡೆಗೆ ಬಡಿದ. ಇನ್ನೊಂದು ಕೈ ಅವಳ ಮುಖದ ಮೇಲೆ ಬೀಳುತ್ತಿತ್ತು. ಅಂಗೈ, ಹಿಂಗೈ, ಮತ್ತೆ ಅಂಗೈ. ಎಷ್ಟು ಅಭ್ಯಾಸವಾದ ಕೈ ಅದು! ನಾನು ಅವನ ತೋಳಿಗೆ ಜೋತುಬಿದ್ದೆ. ಮೊಣಕೈ ನನ್ನ ಬಾಯಿಗೆ ಬಡಿದು ಬಾಯಿ ತುಂಬ ರಕ್ತವಾಯಿತು. ಅಣ್ಣ ನಿಂತಲ್ಲೇ ನಿಂತಿದ್ದ. ಅಮ್ಮ ಕೂಗಲಿಲ್ಲ, ಅವಳು ಯಾವತ್ತೂ ಕೂಗಿದವಳಲ್ಲ. ಮೂಗಿನಿಂದ ರಕ್ತ ಇಳಿದು ತುಟಿಗೆ ಬಂದಿತ್ತು. ಅಪ್ಪ ತುರುಬು ಬಿಟ್ಟು, ಬಾಗಿಲ ಮೂಲೆಯಲ್ಲಿದ್ದ ಕೊಡೆಯನ್ನು ಎತ್ತಿಕೊಂಡು ಕೈ ಮೇಲೆತ್ತಿದ.

ಆಗ ಅಮ್ಮ ಅವನ ಹೆಸರು ಹೇಳಿದಳು.

ಮೇಷ್ಟ್ರೇ ಎಂದಲ್ಲ, ಕೇಳಿ ಎಂದಲ್ಲ. ಊರಿನ ಹೆಸರು, ಅವನಪ್ಪನ ಹೆಸರು, ಅವನ ಹೆಸರು, ಒಂದಾದಮೇಲೊಂದು, ಪೂರ್ತಿಯಾಗಿ, ದನಿ ಎತ್ತರಿಸಿ. ಸಾಯಲಿ ಎಂದೇ ಹೇಳಿದಳು. ನನಗದು ಆಗಲೇ ಗೊತ್ತಾಯಿತು, ಮುಂದೆ ಅವಳೂ ಒಪ್ಪಿಕೊಂಡಳು. ಕೊಲ್ಲಲು ಅವಳ ಹತ್ತಿರ ಇದ್ದ ಆಯುಧ ಅದೊಂದೇ, ಮದುವೆಯಾದಾಗಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದಳು.

ಅಪ್ಪನ ಕೈ ಮೇಲೆಯೇ ನಿಂತಿತು. ಕೊಡೆ ಜಾರಿ ಬಿತ್ತು. ಕಾಲು ಜೋಡಿಸಿ ನೆಟ್ಟಗೆ ನಿಂತ. ಹಣೆಯ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಇನ್ನೂ ಇತ್ತು, ಉಪ್ಪುನೀರು ಇಳಿಯುತ್ತಿತ್ತು.

‘ಹಾಜರ್ ಸಾರ್’ ಎಂದ.

ಹುಡುಗನ ದನಿ. ತಡವಾಗಿ ಹೇಳಿದೆನೆಂಬ ಹೆದರಿಕೆ ಅದರಲ್ಲಿತ್ತು. ಹೇಳಿ, ಎರಡು ಹೆಜ್ಜೆ ಮುಂದೆ ಬಂದು, ಬಲಗೈಯ ಅಂಗೈಯನ್ನು ಅಮ್ಮನ ಮುಂದೆ ಚಾಚಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಹೆಬ್ಬೆರಳಿನ ಬುಡದ ಬಿಳಿಯ ಗೀರು ಕಾಣುತ್ತಿತ್ತು.

ಅಮ್ಮ ಆ ಅಂಗೈಯನ್ನು ನೋಡಿದಳು. ಸೌಟು ಅವಳ ಕೈಯಲ್ಲೇ ಇತ್ತು. ಹೊಡೆದಳು. ಕನಿಕರದ ಪೆಟ್ಟಲ್ಲ ಅದು. ಹಿತ್ತಾಳೆಯ ಸೌಟಿನ ಬೆನ್ನಿನಿಂದ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದಳು. ಅಪ್ಪನ ಮೈ ನಡುಗಿತು, ಕೈಯನ್ನು ಮಾತ್ರ ಹಿಂದಕ್ಕೆಳೆದುಕೊಳ್ಳಲಿಲ್ಲ. ಇನ್ನೊಂದಕ್ಕೆ ಕಾಯುತ್ತಿದ್ದ. ನಾನು ಮನಸ್ಸಿನಲ್ಲೇ ಹೊಡಿ ಹೊಡಿ ಎನ್ನುತ್ತಿದ್ದೆ. ಅಮ್ಮ ಸೌಟು ಕೆಳಗಿಟ್ಟಳು.

‘ಸಾಕು, ಹೋಗಿ ಕೂತ್ಕೋ’ ಎಂದಳು.

ಏಕವಚನ. ಅಪ್ಪ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಕಂಕುಳಲ್ಲಿ ಅದುಮಿಕೊಂಡು ಹೋಗಿ ಕೂತ. ಅಮ್ಮ ಅವನ ಹಣೆಯ ಪಟ್ಟಿ ಬಿಚ್ಚಿ ಅಂಗಳಕ್ಕೆ ಎಸೆದಳು. ಆಮೇಲೆ ಒಳಗೆ ಹೋಗಿ ಒಲೆ ಆರಿಸಿದಳು.

ಅಣ್ಣ ಆ ಡಬ್ಬಿಯನ್ನು ಮತ್ತೆ ಜೋಡಿಸಲಿಲ್ಲ. ಸೆಲ್ಲುಗಳನ್ನು ಬಿಚ್ಚಿ ಟಾರ್ಚಿಗೆ ಹಾಕಿಟ್ಟ. ನಾನು ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತು, ‘ಹಿಂಗೆ ಹೊಡೀತಿದ್ರು ಅನ್ನೋದು ನಂಗೆ ಮರ್ತೇ ಹೋಗಿತ್ತು ಕಣೇ’ ಎಂದ. ಎಲ್ಲರ ನೆನಪು ಸರಿಮಾಡಲು ಹೊರಟವನ ಮಾತು ಇದು. ಬೈಯಬೇಕೆಂದುಕೊಂಡೆ, ತುಟಿ ಊದಿಕೊಂಡಿದ್ದರಿಂದ ಬಿಟ್ಟೆ.

ಅಪ್ಪ ಅಮ್ಮ ಹೊಸನಗರಕ್ಕೆ ಮರಳಿದರು. ಅಪ್ಪನಿಗೆ ಬಂದಿದ್ದ ನೆನಪು ಕೆಲವೇ ದಿನದಲ್ಲಿ ಹಿಂದಿನದಕ್ಕಿಂತಲೂ ಕೆಳಗಿಳಿಯಿತು. ಅಮ್ಮ ಬಳೆಗಳನ್ನು ಮತ್ತೆ ತೊಟ್ಟಳು. ದಿನವೂ ಬೆಳಿಗ್ಗೆ ಕಾಫಿ ಕೊಡುವ ಮೊದಲು ಬಾಗಿಲಲ್ಲಿ ನಿಂತು ಅವನ ಹೆಸರನ್ನು ಪೂರ್ತಿಯಾಗಿ ಕೂಗುತ್ತಿದ್ದಳು. ಹಾಸಿಗೆಯಿಂದ ಹಾಜರ್ ಸಾರ್ ಎಂದು ಬಂದ ಮೇಲೆಯೇ ಲೋಟ ಒಳಗೆ ಹೋಗುತ್ತಿತ್ತು. ಹೆಸರು ಹೇಳಿದರೆ ಗಂಡನ ಆಯುಸ್ಸು ಕಡಿಮೆ ಎನ್ನುತ್ತಾರೆ. ಅಪ್ಪ ಎಂಬತ್ತರ ದಶಕ ಮುಗಿಯುವವರೆಗೂ ಬದುಕಿದ. ಸುಳ್ಳೆಂದು ಮೊದಲೇ ಗೊತ್ತಿದ್ದರೆ ಧಾರೆಯ ದಿನವೇ ಹೇಳಿಬಿಡುತ್ತಿದ್ದೆ ಎಂದು ಅಮ್ಮ ನನ್ನೊಡನೆ ನಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಕೂಗಿದಾಗ ಉತ್ತರ ಬರಲಿಲ್ಲ. ಕೆಲವು ದಿನ ಕಳೆದು, ಪದ್ಧತಿಯಂತೆ ಬಳೆ ಒಡೆಸಲು ಕೇರಿಯ ಹೆಂಗಸರು ಬಂದರು. ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

‘ಇವು ಅವ್ರ ಬಳೆ ಅಲ್ಲ’ ಎಂದಳು. ‘ಅವ್ರು ನನ್ನ ಮರ್ತ ಮೇಲೆ ನಾನೇ ಹಾಕ್ಕೊಂಡಿದ್ದು.’

ಹೆಂಗಸರು ಬಳೆ ಮುಟ್ಟದೆ ಹಿಂದೆ ಸರಿದರು. ಆಮೇಲೆ ನಾನು ಅವರಿಗೆಲ್ಲ ಕಾಫಿ ಕೊಟ್ಟು ಕಳಿಸಿದೆ.